ಗಸಗಸೆ ಬಾರದ ಮನೆ

"ಏಕ್ ಭೀ ನಹೀಂ ದಿಯಾ?"

ಕೌಂಟರಿನ ಹಿಂದಿದ್ದ ನರ್ಸ್ ಮಾತ್ರೆಯ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದಳು. ಒಂದೂ ಕೊಡಲಿಲ್ಲವಾ ಅಂತ. ಪಟ್ಟಿಯಲ್ಲಿ ಹತ್ತು ಮಾತ್ರೆ. ಹತ್ತೂ ಹಾಗೇ ಇದ್ದವು. ಬೆನ್ನಿನ ಬೆಳ್ಳಿ ಕಾಗದದ ಮೇಲೆ ಒಂದು ಉಗುರಿನ ಗೀರೂ ಇರಲಿಲ್ಲ.

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ದಪ್ಪ ರಿಜಿಸ್ಟರ್ ತೆಗೆದು ರೋಗಿಯ ಹೆಸರು ಹುಡುಕಿದಳು. ಹೆಸರಿನ ಮುಂದೆ ಏನೋ ಬರೆದಳು. ಆಮೇಲೆ ಮತ್ತೆ ತಲೆಯೆತ್ತಿ, "ದರ್ದ್ ನಹೀಂ ಥಾ ಕ್ಯಾ?" ಎಂದಳು. ನೋವಿರಲಿಲ್ಲವಾ?

ಇತ್ತಮ್ಮಾ, ಇತ್ತು. ಹಾಗೆಂದು ಹೇಳಬೇಕಿತ್ತು. ಅವಳು ತೋರಿಸಿದ ಕಡೆ ಸಹಿ ಹಾಕಿ ಹೊರಗೆ ಬಂದೆ.

ಇದು ಕಳೆದ ಮಂಗಳವಾರದ ಮಾತು. ದೆಹಲಿಯ ಆ ಆಸ್ಪತ್ರೆಯಿಂದ ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿಗೆ ಕಾರಿನಲ್ಲಿ ಒಂದೂವರೆ ಗಂಟೆ. (ಜಾಮ್ ಇಲ್ಲದಿದ್ದರೆ. ಜಾಮ್ ಇಲ್ಲದ ದಿನ ಯಾವುದು?) ದಾರಿಯುದ್ದಕ್ಕೂ ಆ ಹುಡುಗಿಯ ಎರಡು ಪ್ರಶ್ನೆಗಳೇ ತಲೆಯಲ್ಲಿ ತಿರುಗುತ್ತಿದ್ದವು. ಈ ವಾರದ ಅಂಕಣಕ್ಕೆ ಬೇರೆ ಏನೋ ಬರೆಯಬೇಕೆಂದಿದ್ದೆ. ಬರೆಯಲಾಗಲಿಲ್ಲ. ಕ್ಷಮಿಸಿ, ಇದು ಖುಷಿಯ ಬರಹವಲ್ಲ.

ಬಸವರಾಜಪ್ಪನವರು ನಿಮಗೆ ಗೊತ್ತು. ಹೆಸರು ಗೊತ್ತಿಲ್ಲದಿರಬಹುದು, ಮನುಷ್ಯ ಗೊತ್ತು. ಕಳೆದ ವರ್ಷ ಇದೇ ಜಾಗದಲ್ಲಿ ನಾನು ಗಸಗಸೆ ಮುಟ್ಟದ ಒಬ್ಬ ನಿವೃತ್ತ ಅಧಿಕಾರಿಯ ಬಗ್ಗೆ ಬರೆದಿದ್ದೆನಲ್ಲ, ನಿಮ್ಮಲ್ಲಿ ಅನೇಕರು ಕಾಗದ ಬರೆದು ಅವರಿಗೆ ನಮಸ್ಕಾರ ತಿಳಿಸಿದಿರಲ್ಲ, ಅವರೇ. ಆಗ ಹೆಸರು ಹಾಕಿರಲಿಲ್ಲ. ಈಗ ಅವರ ಮಗಳು ಮೇಘಾ, "ನಾಮ್ ಲಿಖಿಯೇ ಆಂಟಿ, ಈಗ ಯಾರಿಗೇನು ಪ್ರಾಬ್ಲಂ?" ಎಂದಿದ್ದಾಳೆ.

ದಾವಣಗೆರೆ ಕಡೆಯವರು. ಕೇಂದ್ರ ಸರ್ಕಾರದ ನೌಕರಿ. ಅಫೀಮು ಬೆಳೆಯುವ ರೈತರ ಮೇಲೆ ಕಣ್ಣಿಡುವ ಕೆಲಸ. ನಮ್ಮ ದೇಶದಲ್ಲಿ ಅಫೀಮನ್ನು ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ ಎಂಬುದು ನನಗೂ ಅವರಿಂದಲೇ ತಿಳಿದದ್ದು. ಮಧ್ಯಪ್ರದೇಶ, ರಾಜಸ್ಥಾನದ ಹಳ್ಳಿಗಳಲ್ಲಿ ಸರ್ವಿಸಿನ ಬಹುಪಾಲು ಕಳೆದು, ಕೊನೆಗೆ ದೆಹಲಿಗೆ ಬಂದು ರಿಟೈರ್ ಆಗಿ, ನಮ್ಮ ಬ್ಲಾಕಿನ ಹತ್ತನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡರು. ನಾವು ಎಂಟನೆಯದು. ಲಿಫ್ಟಿನಲ್ಲಿ ಕನ್ನಡ ಕೇಳಿ ಪರಿಚಯವಾಯಿತು. ನಾನು ಅವರನ್ನು ಸಾರ್ ಎನ್ನುತ್ತಿದ್ದೆ. ಅವರ ಹೆಂಡತಿ ನನಗೆ ಶಾಂತಕ್ಕ.

ಕಳೆದ ಫೆಬ್ರವರಿ. ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಪ್ರತಿ ಚಳಿಗಾಲದಂತೆ ಮಾಲಿ ಭಯ್ಯಾ ಪಾಪ್ಪಿ ಹೂವಿನ ಮಡಿ ಮಾಡಿದ್ದ. ಕೆಂಪು, ಗುಲಾಬಿ, ಬಿಳಿ. ನಾನು ಫೋಟೋ ತೆಗೆಯುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು.

"ಸುಮಾ, ಹೂವಿನ ಫೋಟೋ ಎಲ್ಲಾರೂ ತೆಗೀತಾರೆ. ಮೊಗ್ಗು ನೋಡಿ."

ನೋಡಿದೆ. ರೋಮರೋಮದ ತೊಟ್ಟಿನ ಮೇಲೆ ಮೊಗ್ಗುಗಳು ತಲೆ ತಗ್ಗಿಸಿಕೊಂಡು ನಿಂತಿದ್ದವು.

"ಅರಳೋ ಹೊತ್ತಿಗೆ ನೆಟ್ಟಗಾಗುತ್ತೆ. ಮೊಗ್ಗಿನ ಮೇಲೆ ಹಸಿರು ಹೊದಿಕೆ ಇದೆ ನೋಡಿ, ಬರೀ ಎರಡು ಹೋಳು. ಅರಳಿದ ಕೂಡಲೇ ಎರಡೂ ಉದುರಿಬಿಡುತ್ತೆ. ಒಳಗಿನ ಎಸಳು ನಾಲ್ಕು. ಸುಕ್ಕು ಸುಕ್ಕಾಗಿ ಹೊರಗೆ ಬರುತ್ತೆ, ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆ ಥರ. ಬಾಳೋದು ಒಂದು ದಿನ, ಹೆಚ್ಚಂದ್ರೆ ಎರಡು."

"ಇದೂ ಅಫೀಮಿನ ಗಿಡಾನಾ ಸಾರ್?" ನಾನು ಒಂದು ಹೆಜ್ಜೆ ಹಿಂದಿಟ್ಟೆ.

ನಕ್ಕರು. "ಅಲ್ಲ, ಅದರ ತಂಗಿ. ಶೋಕಿ ಹೂವು. ಹೆದರಬೇಡಿ."

ಅಂದಿನಿಂದ ದಿನಾ ಬೆಳಗ್ಗೆ ವಾಕಿಂಗ್ ಜೊತೆ ಪಾಠ. ಸೊಸೈಟಿಯ ಹಿಂದಿನ ಖಾಲಿ ಸೈಟಿನಲ್ಲಿ ಹಳದಿ ಹೂವಿನ ಮುಳ್ಳು ಗಿಡ ದಂಡಿಯಾಗಿ ಬೆಳೆದಿದೆ. ನಮ್ಮ ಕಡೆ ದತ್ತೂರಿ ಅನ್ನುತ್ತೇವೆ, ಮಾಲಿ ಭಯ್ಯಾ ಸತ್ಯಾನಾಶಿ ಅನ್ನುತ್ತಾನೆ. ಅದೂ ಇದೇ ಕುಟುಂಬವಂತೆ! ಅವರು ಒಂದು ಎಲೆಯನ್ನು ಮುರಿದು ತೋರಿಸಿದರು. ಅರಿಸಿನ ಕಲಸಿದಂಥ ಹಳದಿ ಹಾಲು ಒಸರಿತು. ಈ ಕುಟುಂಬದ ಹೆಚ್ಚಿನ ಗಿಡಗಳಿಗೆ ಗಾಯವಾದರೆ ಹಾಲೋ ಬಣ್ಣದ ರಸವೋ ಬರುತ್ತದೆ. ಅಫೀಮಿನ ಗಿಡದ್ದು ಬಿಳಿ, ದತ್ತೂರಿಯದ್ದು ಹಳದಿ. ದತ್ತೂರಿಯ ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತರೆ ತಿಂದವರ ಕಾಲು ಊದುತ್ತದೆ, ಹೃದಯ ಕೈಕೊಡುತ್ತದೆ. ಅಂದು ಮನೆಗೆ ಬಂದು ಎಣ್ಣೆಯ ಬಾಟಲಿಯ ಲೇಬಲನ್ನು ಎರಡು ಸಲ ಓದಿದೆ.

ಅಫೀಮಿನ ಗಿಡದ ವಿಷಯ ಬಂದಾಗ ಮಾತ್ರ ಅವರ ದನಿ ಬದಲಾಗುತ್ತಿತ್ತು. ಹೂವು ಉದುರಿದ ಮೇಲೆ ಉಳಿಯುವ ಕಾಯಿ, ತಲೆಯ ಮೇಲೊಂದು ಪುಟ್ಟ ಕಿರೀಟ. ಹಸಿಯಿದ್ದಾಗಲೇ ಮಧ್ಯಾಹ್ನದ ಮೇಲೆ ಅದಕ್ಕೆ ಸಣ್ಣ ಗೀರು ಹಾಕುತ್ತಾರೆ. ಅಲ್ಲಿಯವರ ಮಾತಿನಲ್ಲಿ ಚೀರಾ. ಒಸರಿದ ಹಾಲು ಬೆಳಗಾಗುವುದರೊಳಗೆ ಕಂದು ಅಂಟಾಗುತ್ತದೆ. ಅದನ್ನು ಕೆರೆದು ತೆಗೆದರೆ ಅಫೀಮು. ಅದೇ ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಗಲಗಲ ಸದ್ದು. ಒಡೆದರೆ ಗಸಗಸೆ!

ಹೌದು, ನಾವು ಪಾಯಸ ಮಾಡುವ ಗಸಗಸೆಯೇ. ಕಾಯಿಯ ಹಾಲಿನಲ್ಲಿರುವ ಅಮಲು ಬೀಜದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. (ಊಟದ ಮೇಲೆ ಬರುವ ನಿದ್ದೆಗೆ ಪಾಯಸಕ್ಕಿಂತ ಹೋಳಿಗೆಯ ಸಂಖ್ಯೆ ಕಾರಣ ಎಂದು ಅವರ ತೀರ್ಪು.)

"ಇಷ್ಟೆಲ್ಲ ಅಫೀಮು ಎಲ್ಲಿಗೆ ಹೋಗುತ್ತೆ ಸಾರ್?" ಒಂದು ದಿನ ಕೇಳಿದೆ.

"ಸರ್ಕಾರದ ಫ್ಯಾಕ್ಟರಿಗೆ. ಮಾರ್ಫಿನ್ ಮಾಡ್ತಾರೆ. ಕ್ಯಾನ್ಸರ್ ನೋವಿಗೆ ಅದಕ್ಕಿಂತ ಒಳ್ಳೇದು ಇನ್ನೂ ಬಂದಿಲ್ಲ. ಅದಕ್ಕೇ ನಾನು ಅಷ್ಟು ಸ್ಟ್ರಿಕ್ಟು. ಒಂದು ಗ್ರಾಂ ಹೊರಗೆ ಸೋರಿದ್ರೆ, ಯಾವುದೋ ರೋಗಿಯ ಪಾಲು ಸೋರಿದ ಹಾಗೆ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಇನ್ನು ಗಸಗಸೆಯ ಕಥೆ. ಹೊಸದಾಗಿ ನನ್ನ ಬರಹ ಓದುವವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ.

ಅವರ ಮೊದಲ ಪೋಸ್ಟಿಂಗ್, ಹೊಸ ಸಂಸಾರ. ಮರುದಿನ ಯುಗಾದಿ. ಒಬ್ಬ ರೈತ ಬಂದು ಶಾಂತಕ್ಕನ ಕೈಗೆ ಸಣ್ಣ ಚೀಲದಲ್ಲಿ ಗಸಗಸೆ ಕೊಟ್ಟು ಹೋದ. ತನ್ನ ಹೊಲದ್ದು, ಹಿಂದಿನ ವರ್ಷದ್ದು. ಕದ್ದದ್ದಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ಶಾಂತಕ್ಕ ಸಂಭ್ರಮದಿಂದ ತೆಂಗಿನಕಾಯಿ, ಏಲಕ್ಕಿ ಹಾಕಿ ನುಣ್ಣಗೆ ಅರೆದರು. ಅಷ್ಟರಲ್ಲಿ ಗಂಡ ಬಂದರು. ಯಾರು ಕೊಟ್ಟರು ಎಂದು ಕೇಳಿದರು. ಆ ರೈತನ ಅಫೀಮನ್ನು ಮುಂದಿನ ವಾರ ತೂಗಬೇಕಾದವರು ಇವರೇ.

ಅರೆದ ಗಸಗಸೆಯನ್ನು ಪಾತ್ರೆ ಸಮೇತ ಸ್ಕೂಟರಿಗೆ ಇಟ್ಟುಕೊಂಡು ಹಳ್ಳಿಗೆ ಹೋಗಿ ವಾಪಸ್ ಕೊಟ್ಟು ಬಂದರು! ಅಂದಿನಿಂದ ಮನೆಯಲ್ಲಿ ಒಂದೇ ರೂಲ್. ಆ ಗಿಡದ್ದು ಏನೂ ಹೊಸಿಲು ದಾಟುವಂತಿಲ್ಲ. ಅಂಗಡಿಯಿಂದ ಕೊಂಡದ್ದೂ ಇಲ್ಲ. ಕೆಲಸ ಮುಗಿಯಿತು, ರಿಟೈರ್ ಆದರು, ರೂಲ್ ಮಾತ್ರ ರಿಟೈರ್ ಆಗಲಿಲ್ಲ.

"ಗಸಗಸೆ ಹಾಳಾಗ್ಲಿ ಸುಮಾ, ನನ್ನ ತವರಿನ ಪಾತ್ರೆ ಹೋಯ್ತಲ್ಲ. ಅದನ್ನಾದ್ರೂ ತೊಳ್ಕೊಂಡು ತರಬಾರದಿತ್ತಾ ಇವ್ರು?" ಎಂದು ಶಾಂತಕ್ಕ ಈಗಲೂ ಹೇಳುತ್ತಾರೆ. ಅಲ್ಲ, ಹೇಳುತ್ತಿದ್ದರು; ಈಗ ನಿಲ್ಲಿಸಿದ್ದಾರೆ.

ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಒಂದೇ ಸಲಕ್ಕೆ ಕೂತು ಬರೆದೆ. ಪಾತ್ರೆಯ ಪ್ರಸಂಗಕ್ಕೆ ನೀವು ನಕ್ಕಿರಿ. ಕೊನೆಯ ಸಾಲಿಗೆ ಕಣ್ಣು ಒರೆಸಿಕೊಂಡೆವು ಎಂದು ಕೆಲವರು ಬರೆದಿರಿ. ಕೊನೆಯ ಸಾಲು ಹೀಗಿತ್ತು: "ಏನೇ ಬಂದರೂ ಆ ಗಿಡ ಅವರ ಹೊಸಿಲು ದಾಟುವುದಿಲ್ಲ."

ಬಸವರಾಜಪ್ಪನವರು ಅದನ್ನು ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ, ಹಾಲಿನ ಗೋಡೆಗೆ ಹಾಕಿಸಿದರು. ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ. ಇಲ್ಲಿಯ ಕನ್ನಡಿಗರು ಸೇರಿದಾಗ ಅವರಿಗೆ ಶಾಲು ಹೊದಿಸಿದರು. ಯಾವತ್ತೂ ಯಾರಿಂದಲೂ ಏನೂ ತೆಗೆದುಕೊಳ್ಳದ ಮನುಷ್ಯ ಅಂದು ಶಾಲು ತೆಗೆದುಕೊಂಡರು. ಮುಖದಲ್ಲಿ ಎಷ್ಟು ಸಂತೋಷ! ನನಗೂ ಹೆಮ್ಮೆ. ನಾನು ಬರೆದದ್ದಲ್ಲವೇ?

ಮಳೆಗಾಲದಲ್ಲಿ ಬೆನ್ನುನೋವು ಶುರುವಾಯಿತು. ಚಳಿಗಾಲ ಬರುವ ಹೊತ್ತಿಗೆ ಅದಕ್ಕೆ ಹೆಸರೂ ಸಿಕ್ಕಿತು. ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ, ಗುಣವಾಗುವ ಹಂತ ದಾಟಿದೆ ಎಂದರು. ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ ಎಂದು ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಮಾರ್ಫಿನ್. ಹತ್ತು ಮಾತ್ರೆಯ ಪಟ್ಟಿ.

ಅವರು ಚೀಟಿ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು, "ಬೇಡ" ಎಂದರು. ಅಷ್ಟೇ.

ಮೇಘಾ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಎಚ್.ಆರ್. ಅಲ್ಲೇ ಪಿ.ಜಿ.ಯಲ್ಲಿ ಇರುತ್ತಿದ್ದವಳು ರಜೆ ಹಾಕಿ ಬಂದು, ಆ ಚೀಟಿ ತೋರಿಸಿ ಆಸ್ಪತ್ರೆಯಿಂದ ಮಾತ್ರೆ ತಂದಳು. ಇದು ಔಷಧಿ, ಅಮಲಲ್ಲ ಎಂದು ಬೇಡಿಕೊಂಡಳು. "ಪಪ್ಪಾ, ಇದು ದವಾಯಿ ಹೈ, ನಶಾ ನಹೀಂ. ಪ್ಲೀಸ್ ಪಪ್ಪಾ." ಅವರು ಗೋಡೆಯ ಕಡೆಗೆ ಹೊರಳಿದರು. ಮೊಸರನ್ನದಲ್ಲಿ ಪುಡಿ ಮಾಡಿ ಬೆರೆಸಿಬಿಡೋಣ ಎಂದಳು. ಶಾಂತಕ್ಕ ಬೇಡವೆಂದರು. "ಜೀವಮಾನ ಮೋಸ ಮಾಡದೇ ಇರೋರಿಗೆ ಈಗ ನಾವು ಮೋಸ ಮಾಡೋದಾ? ಬೇಡಮ್ಮ. ಸುಮಾನ ಕರಿ. ಅವಳ ಮಾತು ಕೇಳ್ತಾರೆ."

ನಾನು ಹೋದೆ.

ಡಿಸೆಂಬರಿನ ಮಬ್ಬು ಮಧ್ಯಾಹ್ನ. ಹಾಲಿನಲ್ಲೇ ಮಂಚ ಹಾಕಿದ್ದರು. ಅರ್ಧ ಇಳಿದುಹೋಗಿದ್ದರು. ಒಂದು ಟವೆಲನ್ನು ಮುದುಡಿ ಹಿಡಿದಿದ್ದರು. ನೋವು ಬಂದಾಗ ಅದನ್ನು ಕಚ್ಚುತ್ತಿದ್ದರು. ಹಲ್ಲಿನ ಗುರುತು ಕಾಣುತ್ತಿತ್ತು.

"ಸಾರ್, ಡಾಕ್ಟರ್ ಕೊಟ್ಟಿರೋ ಔಷಧಿ. ಅಫೀಮಲ್ಲ" ಎಂದೆ.

"ಎಲ್ಲಿಂದ ಬರುತ್ತೆ ಅಂತ ನನಗೇ ಹೇಳಿಕೊಡ್ತೀರಾ?"

"ಆದ್ರೂ ಸಾರ್, ಇಷ್ಟು ನೋವು..."

ಅವರು ಗೋಡೆಯ ಕಡೆ ಬೆರಳು ತೋರಿಸಿದರು. "ಏನೇ ಬಂದರೂ ಅಂತ ನೀವೇ ಬರೆದಿದ್ದೀರಿ. ಜನ ಓದಿದ್ದಾರೆ, ಶಾಲು ಹೊದಿಸಿದ್ದಾರೆ. ಈಗ ನುಂಗಿದ್ರೆ ಅದೆಲ್ಲ ಸುಳ್ಳಾಗಲ್ವಾ ಸುಮಾ?"

ಇಲ್ಲಿ ನಾನು ಏನು ಹೇಳಬೇಕಿತ್ತು? ನಿಮಗೂ ಗೊತ್ತು, ನನಗೂ ಗೊತ್ತು. "ಸಾರ್, ಆ ಎರಡು ಪದ ನನ್ನದು, ನಿಮ್ಮದಲ್ಲ" ಎನ್ನಬೇಕಿತ್ತು. ಅವರು ಯಾವತ್ತೂ 'ಏನೇ ಬಂದರೂ' ಎಂದವರಲ್ಲ. ಹೊಸಿಲು ದಾಟಬಾರದು ಎಂದಷ್ಟೇ ಹೇಳಿದ್ದರು. ಸಾಲು ಸಪ್ಪೆ ಎನ್ನಿಸಿತು, ಕೊನೆಗೊಂದು ಪಂಚ್ ಇರಲಿ ಎಂದು ನಾನೇ ಸೇರಿಸಿದ್ದೆ. ನಮ್ಮ ಕಸುಬಿನ ಚಟ. ಬಾಯಿಗೆ ರುಚಿಯಾಗಲಿ ಎಂದು ಒಗ್ಗರಣೆ ಹಾಕಿದಂತೆ.

ಹೇಳಲಿಲ್ಲ. ಯಾಕೆ? ಸತ್ಯ ಹೇಳಿಬಿಡುತ್ತೇನೆ, ನೀವು ನನ್ನನ್ನು ಏನೆಂದುಕೊಂಡರೂ ಸರಿ. ಸಾಯುವ ಹೊತ್ತಿನಲ್ಲಿ ಒಬ್ಬರು ನನ್ನ ಸಾಲನ್ನು ಅಕ್ಷರ ಬಿಡದೆ ಹೇಳಿದಾಗ ನನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಹಿಗ್ಗಾಯಿತು. ನಾನು ಅವರ ಕೈ ಹಿಡಿದುಕೊಂಡು, "ನಿಮ್ಮ ಮನೋಬಲ ದೊಡ್ಡದು ಸಾರ್" ಎಂದೆ.

ಅವರ ಮುಖ ಅರಳಿತು. ಶಾಂತಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಕಾಫಿ ಕೊಟ್ಟರು. ಕುಡಿದು ಬಂದೆ.

ಆಮೇಲೆ ಮೂರು ವಾರ. ಅವರ ಮನೆಯಲ್ಲಿ ಹಗಲು ಹೊತ್ತು ನ್ಯೂಸ್ ಚಾನೆಲ್ ಜೋರಾಗಿ ಕಿರುಚುತ್ತಿತ್ತು. ಎರಡು ಮಹಡಿ ಕೆಳಗಿನ ನಮ್ಮ ಮನೆಗೂ ಕೇಳಿಸುತ್ತಿತ್ತು. ಪಾಪ, ಕಿವಿ ಮಂದವಾಗಿರಬೇಕು ಎಂದುಕೊಂಡೆ. ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ 'ವಾಲ್ಯೂಮ್ ಪ್ಲೀಸ್' ಎಂದು ಹಾಕಿದರು. ಕಿವಿ ಚೆನ್ನಾಗಿಯೇ ಇತ್ತಂತೆ. ತಾವು ಕೂಗುವುದು ಅಕ್ಕಪಕ್ಕದವರಿಗೆ ಕೇಳಬಾರದೆಂದು ಟಿವಿ ಹಾಕಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಶಾಂತಕ್ಕ ಹೇಳಿದರು.

ಜನವರಿಯಲ್ಲಿ ಹೋದರು. ಊರಿಗೆ ಒಯ್ದು ಅವರ ಹೊಲದಲ್ಲೇ ಮಣ್ಣು ಮಾಡಿದರು. ಶಾಂತಕ್ಕ, ಮೇಘಾ ಹಿಂತಿರುಗುವಾಗ ಜೊತೆಗಿರಲೆಂದು ಬಸವರಾಜಪ್ಪನವರ ಅಕ್ಕ ಗೌರಮ್ಮನವರೂ ಬಂದರು. ಇಲ್ಲಿಯ ಪರಿಚಯದವರಿಗಾಗಿ ಒಂದು ಭಾನುವಾರ ಮನೆಯಲ್ಲೇ ಪೂಜೆ, ಪ್ರಸಾದ ಇಟ್ಟುಕೊಂಡರು. ನಾನು ಕೈಜೋಡಿಸಲು ಬೇಗ ಹೋದೆ.

ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಏಲಕ್ಕಿಯ ಘಮ. ಒಲೆಯ ಮೇಲೆ ಬೆಲ್ಲ ಕರಗುತ್ತಿತ್ತು. ಗೌರಮ್ಮ ಮಿಕ್ಸಿಯ ಮುಚ್ಚಳ ತೆಗೆದರು. ಒಳಗೆ ಬೆಳ್ಳಗೆ, ನುಣ್ಣಗೆ.

"ಗಸಗಸೆ ಪಾಯಸ ಅವನಿಗೆ ಪ್ರಾಣ ಕಣಮ್ಮ. ಚಿಕ್ಕವನಿದ್ದಾಗ ಪಾತ್ರೆ ಬಳಿದು ನೆಕ್ಕೋನು. ಎಡೆಗೆ ಇಡಬೇಕಲ್ಲ ಅಂತ ಊರಿಂದಲೇ ತಂದೆ. ಇಲ್ಲಿ ಸಿಗುತ್ತೋ ಇಲ್ವೋ" ಎಂದರು.

ಪ್ರಾಣ! ತಿಂಗಳುಗಟ್ಟಲೆ ಅವರ ಜೊತೆ ವಾಕಿಂಗ್ ಮಾಡಿ, ಗಿಡದ ಬೇರಿನಿಂದ ಬೀಜದವರೆಗೆ ಕೇಳಿ, ಅಂಕಣ ಬರೆದು ಚಪ್ಪಾಳೆ ಗಿಟ್ಟಿಸಿದ ನನಗೆ ಇದೊಂದು ಗೊತ್ತಿರಲಿಲ್ಲ. 'ಸಾರ್, ನಿಮಗೆ ಗಸಗಸೆ ಪಾಯಸ ಇಷ್ಟವೇ?' ಎಂದು ಕೇಳಿಯೇ ಇರಲಿಲ್ಲ.

ಶಾಂತಕ್ಕ ಬಂದು ಮಿಕ್ಸಿಯ ಜಾರಿನೊಳಗೆ ನೋಡಿದರು. ತಡೆಯುತ್ತಾರೇನೋ ಎಂದುಕೊಂಡೆ. ತಡೆಯಲಿಲ್ಲ. ಪಾಯಸವಾದ ಮೇಲೆ ತಾವೇ ಬಟ್ಟಲಿಗೆ ಹಾಕಿ ಫೋಟೋದ ಮುಂದೆ ಇಟ್ಟರು.

"ಈಗ ತಿನ್ನಬಹುದಲ್ವಾ ಸುಮಾ? ಈಗ ನಿಜವಾಗಿ ರಿಟೈರ್ ಆದ್ರಲ್ಲ" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ನೆನಪಾಯಿತು, ಪಾರ್ಕಿನಲ್ಲಿ ಅವರು ಹೇಳಿದ ಮಾತು. ಒಂದು ಗ್ರಾಂ ಸೋರಿದರೆ ಯಾವುದೋ ರೋಗಿಯ ಪಾಲು ಸೋರಿದ ಹಾಗೆ. ಜೀವಮಾನವಿಡೀ ಅವರು ಕಾವಲು ಕಾದದ್ದು ಯಾರ ಪಾಲನ್ನು? ಟವೆಲು ಕಚ್ಚಿಕೊಂಡು ಮಲಗಿರುವವನ ಪಾಲನ್ನೇ ಅಲ್ಲವೇ? ಅಂದು ಅವರ ಮಂಚದ ಪಕ್ಕ ಕೂತು, 'ಸಾರ್, ನೀವು ಕಾಯ್ದಿಟ್ಟದ್ದೇ ಈಗ ನಿಮಗೆ ಬಂದಿದೆ, ತಗೊಳ್ಳಿ' ಎಂದಿದ್ದರೆ? ಅವರು ಒಪ್ಪುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿ ನೋಡಬಹುದಿತ್ತು.

ಇನ್ನೂ ಒಂದು ತಪ್ಪೊಪ್ಪಿಗೆ ಇದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಬರಹದ ಮೊದಲ ಕರಡು ತೆಗೆದೆ. ರೋಗಿಯ ಪಾಲಿನ ಮಾತು ಅದರಲ್ಲಿತ್ತು. ಅಂಕಣ ಉದ್ದವಾಯಿತೆಂದು ನಾನೇ ತೆಗೆದುಹಾಕಿದ್ದೆ. ಅವರು ಹೇಳಿದ್ದನ್ನು ತೆಗೆದೆ, ಹೇಳದೇ ಇದ್ದದ್ದನ್ನು ಸೇರಿಸಿದೆ. ಅದನ್ನು ಅವರು ಗೋಡೆಗೆ ಹಾಕಿಕೊಂಡು, ಅದರಂತೆಯೇ ಸತ್ತರು.

ಸೋಮವಾರ ಮೇಘಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಮಾತ್ರೆಯ ಪಟ್ಟಿ. "ಆಂಟಿ, ಇದನ್ನು ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ಹಾಸ್ಪಿಟಲ್‌ಗೆ ವಾಪಸ್ ಮಾಡ್ಬೇಕು. ನನ್ನಿಂದ ಅಲ್ಲಿಗೆ ಹೋಗಕ್ಕಾಗಲ್ಲ. ಆಪ್ ದೇ ಆಯೇಂಗೀ?" ಎಂದಳು. ಹ್ಞೂಂ, ಕೊಟ್ಟು ಬರುತ್ತೇನೆ ಎಂದೆ. ಅವಳು ಬ್ಯಾಗಿನಿಂದ ಇನ್ನೊಂದು ವಸ್ತು ತೆಗೆದಳು. ಲ್ಯಾಮಿನೇಟ್ ಮಾಡಿದ ನನ್ನ ಅಂಕಣ.

"ಮಮ್ಮಿಗೆ ಇದನ್ನ ನೋಡಕ್ಕಾಗ್ತಿಲ್ಲ. ಬಿಸಾಡಕ್ಕೆ ನನಗೆ ಮನಸ್ಸಿಲ್ಲ, ಪಪ್ಪಾ ಕಾ ಫೇವರಿಟ್ ಥಾ. ನೀವೇ ಇಟ್ಕೊಳ್ಳಿ."

ಮಂಗಳವಾರ ಆಸ್ಪತ್ರೆಯಿಂದ ಬಂದು ಕಾರು ನಿಲ್ಲಿಸಿ ಪಾರ್ಕಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಮಾಲಿ ಭಯ್ಯಾ ಈ ವರ್ಷವೂ ಪಾಪ್ಪಿ ಹಾಕಿದ್ದಾನೆ. ಇನ್ನೂ ಹೂವಿಲ್ಲ. ಮೊಗ್ಗುಗಳೆಲ್ಲ ತಲೆ ತಗ್ಗಿಸಿ ನಿಂತಿವೆ. "ಅಂಕಲ್‌ಜೀ ನಹೀಂ ಆತೇ ಆಜ್‌ಕಲ್?" ಎಂದು ಕೇಳಿದ. ಈಚೆಗೆ ಬರುವುದೇ ಇಲ್ಲವಲ್ಲ ಅಂತ. ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವನು ಕುಡುಗೋಲು ಕೆಳಗಿಟ್ಟು ಕೈಮುಗಿದ.

ಆ ಲ್ಯಾಮಿನೇಟ್ ಹಾಳೆ ಈಗ ನನ್ನ ಮೇಜಿನ ಮೇಲಿದೆ. ಕೆಂಪು ಗೆರೆ ಇನ್ನೂ ಮಾಸಿಲ್ಲ.

ಮಾತ್ರೆಗಳನ್ನು ವಾಪಸ್ ತೆಗೆದುಕೊಳ್ಳಲು ಒಂದು ಕೌಂಟರ್ ಇತ್ತು. ನಾನು ಬರೆದ ಆ ಎರಡು ಪದಗಳನ್ನು ಇನ್ನು ಯಾರಿಗೆ ವಾಪಸ್ ಕೊಡಲಿ?